ಹಲ್ಲು ಇರಬೇಕೋ, ಬೇಡವೋ? ಮೂರು ಆಸ್ಕರ್ ಗೆದ್ದ ‘ಮುದುಕ’ ವಾಲ್ಟರ್ ಬ್ರೆನನ್

ಆಸ್ಕರ್ ಸೀಸನ್ ಹತ್ತಿರ ಬಂತೆಂದರೆ ಕ್ವಿಜ್ ಹುಚ್ಚಿನವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಸುತ್ತುತ್ತದೆ. ನಟನೆಗೆ ಮೂರು ಆಸ್ಕರ್ ಗೆದ್ದ ಮೊದಲ ವ್ಯಕ್ತಿ ಯಾರು? ಒಬ್ಬರು ಮಾರ್ಲನ್ ಬ್ರ್ಯಾಂಡೊ ಅನ್ನುತ್ತಾರೆ, ಇನ್ನೊಬ್ಬರು ಕ್ಯಾಥರೀನ್ ಹೆಪ್‌ಬರ್ನ್ ಅನ್ನುತ್ತಾರೆ. ಉತ್ತರ ವಾಲ್ಟರ್ ಬ್ರೆನನ್. ಆಮೇಲೆ ಗುಂಪಿನಲ್ಲಿ ಸ್ವಲ್ಪ ಹೊತ್ತು ಮೌನ. ಯಾರಪ್ಪಾ ಇದು?

ಫೋಟೊ ಹಾಕಿದರೆ ಅರ್ಧ ಜನಕ್ಕೆ ಗುರುತು ಹತ್ತುತ್ತದೆ. ‘ಓ, ಜಾನ್ ವೇನ್ ಪಕ್ಕದಲ್ಲಿ ಕುಂಟುತ್ತಾ ಗೊಣಗುತ್ತಿರುತ್ತಾನಲ್ಲ, ಆ ಮುದುಕ!’ ಹೌದು, ಅವನೇ. ಹೆಸರು ಗೊತ್ತಿಲ್ಲ, ಮುಖ ಗೊತ್ತು. ಈ ಜಾತಿಯ ನಟರಿಗೆ ಹಾಲಿವುಡ್‌ನಲ್ಲಿ ಒಂದು ಹೆಸರೇ ಇದೆ, ಕ್ಯಾರೆಕ್ಟರ್ ಆ್ಯಕ್ಟರ್ ಅಂತ. ಹಾಗಂದರೇನು, ಹೀರೊ ಆಗದ ಒಬ್ಬ ಮನುಷ್ಯ ಹೀರೊಗಳಿಗಿಂತ ಜಾಸ್ತಿ ಪ್ರಶಸ್ತಿ ಹೊಡೆದದ್ದು ಹೇಗೆ, ಅದಕ್ಕೂ ಅವನ ಉದುರಿದ ಹಲ್ಲಿಗೂ ಏನು ಸಂಬಂಧ, ಇಷ್ಟನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಪೋಷಕ ನಟ, ಕ್ಯಾರೆಕ್ಟರ್ ನಟ: ಎರಡೂ ಒಂದೇನಾ?

ಕನ್ನಡದಲ್ಲಿ ನಾವು ಎರಡಕ್ಕೂ ‘ಪೋಷಕ ನಟ’ ಅಂದುಬಿಡುತ್ತೇವೆ. ಹಾಲಿವುಡ್ ಲೆಕ್ಕದಲ್ಲಿ ಇವು ಬೇರೆ ಬೇರೆ. ಸಪೋರ್ಟಿಂಗ್ ಆ್ಯಕ್ಟರ್ ಅನ್ನೋದು ಒಂದು ಚಿತ್ರದಲ್ಲಿ ಪಾತ್ರ ಎಷ್ಟು ದೊಡ್ಡದು ಅನ್ನುವುದರ ಮಾತು. ದೊಡ್ಡ ಹೀರೊ ಕೂಡ ಒಂದು ಸಿನಿಮಾದಲ್ಲಿ ಚಿಕ್ಕ ಪಾತ್ರ ಮಾಡಿ ಆ ವಿಭಾಗದಲ್ಲಿ ಗೆಲ್ಲಬಹುದು. ಕ್ಯಾರೆಕ್ಟರ್ ಆ್ಯಕ್ಟರ್ ಅನ್ನೋದು ಒಬ್ಬ ನಟನ ಇಡೀ ವೃತ್ತಿಯ ಮಾತು. ಇವನು ಪ್ರೇಮಗೀತೆ ಹಾಡುವವನಲ್ಲ, ಪೋಸ್ಟರ್ ಮೇಲೆ ದೊಡ್ಡದಾಗಿ ಬರುವವನೂ ಅಲ್ಲ. ಜೈಲು ಕಾಯುವವನು, ಊರ ಪಾದ್ರಿ, ಕುಡುಕ ಗೆಳೆಯ, ಸಿಡುಕು ತಾತ ಇಂಥವೇ ಇವನ ಪಾತ್ರಗಳು. ಪರದೆ ಮೇಲೆ ಕಾಣಿಸಿದ ಹತ್ತೇ ಸೆಕೆಂಡಿಗೆ ‘ಇವನು ಇಂಥವನು’ ಅಂತ ನಮಗೆ ತಿಳಿದುಬಿಡಬೇಕು.

ಮದುವೆ ಮನೆ ನೆನಪು ಮಾಡಿಕೊಳ್ಳಿ. ಫೋಟೊದಲ್ಲಿ ಇರುವುದು ಗಂಡು ಹೆಣ್ಣು. ಆದರೆ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಯವರ ಮೇಲೆ ರೇಗುತ್ತಾ, ಬೀಗರಿಗೆ ಕಾಫಿ ಹೋಯ್ತಾ ಅಂತ ಓಡಾಡುವ ಒಬ್ಬ ಚಿಕ್ಕಪ್ಪ ಇರುತ್ತಾನಲ್ಲ, ಅವನಿಲ್ಲದಿದ್ದರೆ ಮದುವೆ ನಡೆಯುವುದಿಲ್ಲ. ಕ್ಯಾರೆಕ್ಟರ್ ನಟ ಆ ಚಿಕ್ಕಪ್ಪ.

ನಮ್ಮಲ್ಲಿ ಹತ್ತಿರದ ಉದಾಹರಣೆ ಬೇಕೆಂದರೆ ಕೆ.ಎಸ್. ಅಶ್ವಥ್. 1925ರಲ್ಲಿ ಹುಟ್ಟಿದ ಅವರು 1929ರಲ್ಲಿ ಹುಟ್ಟಿದ ರಾಜ್‌ಕುಮಾರ್ ಅವರಿಗೆ ತೆರೆಯ ಮೇಲೆ ಅಪ್ಪ ಆಗಿದ್ದರು. ನಾಲ್ಕೇ ವರ್ಷದ ಅಂತರ! ಬ್ರೆನನ್ ಕಥೆಯೂ ಹೀಗೇ. ವಯಸ್ಸಿಗೆ ಮೊದಲೇ ಮುದುಕನಾಗಿ ಅದರಲ್ಲೇ ಬದುಕು ಕಟ್ಟಿಕೊಂಡವನು.

ಎಂಜಿನಿಯರಿಂಗ್, ಯುದ್ಧ, ಸೈಟ್ ವ್ಯಾಪಾರ

ಹುಟ್ಟಿದ್ದು 1894ರ ಜುಲೈ 25ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಊರಿನಲ್ಲಿ. ಐರಿಷ್ ಮೂಲದ ಮನೆತನ. ಅದೇ ರಾಜ್ಯದ ಕೇಂಬ್ರಿಡ್ಜ್‌ನ ಒಂದು ತಾಂತ್ರಿಕ ಶಾಲೆಯಲ್ಲಿ ಎಂಜಿನಿಯರಿಂಗ್ ಕಡೆಯ ಓದು. ನಡುವೆ ನಾಟಕದ ಗೀಳು ಹತ್ತಿತು. ಆಮೇಲೆ ಮೊದಲ ಮಹಾಯುದ್ಧ ಬಂತು, ಫಿರಂಗಿ ದಳ ಸೇರಿ ಫ್ರಾನ್ಸಿಗೆ ಹೋದ. 1920ರಲ್ಲಿ ರೂತ್ ವೆಲ್ಸ್ ಜತೆ ಮದುವೆ, ಅದು ಕೊನೆಯವರೆಗೂ ಉಳಿದ ಮದುವೆ. ಹಾಲಿವುಡ್‌ನಲ್ಲಿ ಅದೇ ಒಂದು ಸುದ್ದಿ.

ಕ್ಯಾಲಿಫೋರ್ನಿಯಾಗೆ ಬಂದು ಲಾಸ್ ಏಂಜಲಿಸ್‌ನಲ್ಲಿ ಜಮೀನು, ಸೈಟು ಕೊಳ್ಳುವ ಮಾರುವ ದಂಧೆ ಮಾಡಿದ. ಊರು ಬೆಳೆಯುತ್ತಿದ್ದ ಕಾಲ, ಒಳ್ಳೆ ದುಡ್ಡು ಬಂತು. 1920ರ ದಶಕದ ನಡುವೆ ಆ ಮಾರುಕಟ್ಟೆ ಕುಸಿದಾಗ ಬಂದದ್ದೆಲ್ಲ ಹೋಯಿತು. ಮನೆಯಲ್ಲಿ ಹೆಂಡತಿ, ಮಕ್ಕಳು. ಹೊಟ್ಟೆಪಾಡಿಗೆ ಸ್ಟುಡಿಯೊ ಗೇಟಿನ ಮುಂದೆ ನಿಂತ.

ಜೂನಿಯರ್ ಆರ್ಟಿಸ್ಟ್ ಆಗಿ ಹತ್ತು ವರ್ಷ

ಹಾಲಿವುಡ್‌ನಲ್ಲಿ ‘ಎಕ್ಸ್‌ಟ್ರಾ’ ಅನ್ನುತ್ತಾರೆ, ನಮ್ಮ ಗಾಂಧಿನಗರದ ಭಾಷೆಯಲ್ಲಿ ಜೂನಿಯರ್ ಆರ್ಟಿಸ್ಟ್. ಜಾತ್ರೆಯ ದೃಶ್ಯಕ್ಕೆ ಜಾತ್ರೆ ಬೇಕಲ್ಲ, ಅದಕ್ಕೆ ಬೇಕಾದ ಜನ ಇವರು. ದಿನಗೂಲಿ. ಹೆಸರು ಪರದೆ ಮೇಲೆ ಬರುವುದಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ‘ಬಿಟ್ ಪಾರ್ಟ್’ ಇದೆ, ಅಂದರೆ ಒಂದೆರಡು ಡೈಲಾಗ್ ಇರುವ ಚಿಲ್ಲರೆ ಪಾತ್ರ. ಬ್ರೆನನ್ ಸುಮಾರು ಹತ್ತು ವರ್ಷ ಈ ಎರಡು ಮೆಟ್ಟಿಲುಗಳ ನಡುವೆಯೇ ಹತ್ತಿ ಇಳಿದ. 1933ರ ‘ದಿ ಇನ್‌ವಿಸಿಬಲ್ ಮ್ಯಾನ್’ ಸಿಕ್ಕರೆ ನೋಡಿ, ಸೈಕಲ್ ಕಳೆದುಕೊಳ್ಳುವ ಒಬ್ಬ ಬಡಪಾಯಿ ಬರುತ್ತಾನೆ, ಅದು ಇವನೇ. ತ್ರೀ ಸ್ಟೂಜಸ್ ಅನ್ನುವ ಹಾಸ್ಯ ತಂಡದ ಒಂದು ಕಿರುಚಿತ್ರದಲ್ಲಿ ರೈಲಿನ ಕಂಡಕ್ಟರ್ ಕೂಡ ಆಗಿದ್ದಾನೆ.

ಈ ಹತ್ತು ವರ್ಷ ಸುಮ್ನೆ ಹೋಗಲಿಲ್ಲ. ಯಾಕೆ ಅಂತ ಮುಂದೆ ಆಸ್ಕರ್ ವೋಟಿನ ಮಾತು ಬಂದಾಗ ಹೇಳುತ್ತೇನೆ.

1932ರಲ್ಲಿ ಒಂದು ಅಪಘಾತವಾಯಿತು. ಬಾಯಿಗೆ ಪೆಟ್ಟು ಬಿದ್ದು ಹಲ್ಲುಗಳು ಹೋದವು. ಆಗ ಅವನಿಗೆ ಇನ್ನೂ 38. ಬೇರೆ ಯಾವ ನಟನಾಗಿದ್ದರೂ ತಲೆ ಮೇಲೆ ಕೈ ಹೊತ್ತು ಕೂರಬೇಕಿತ್ತು, ಅಲ್ವಾ? ಇವನು ಕಟ್ಟಿಸಿದ ಹಲ್ಲಿನ ಸೆಟ್ಟು ಹಾಕಿಕೊಂಡ, ಆಮೇಲೆ ಒಂದು ವಿಷಯ ಗಮನಿಸಿದ. ಸೆಟ್ಟು ಹಾಕಿದರೆ ನಡುವಯಸ್ಸಿನವನು. ತೆಗೆದರೆ ಗಲ್ಲ ಒಳಕ್ಕೆ ಹೋಗುತ್ತದೆ, ತುಟಿ ಮಡಚುತ್ತದೆ, ಮಾತು ಜಾರುತ್ತದೆ, ಇಪ್ಪತ್ತೈದು ವರ್ಷ ಒಮ್ಮೆಲೇ ಮೈ ಮೇಲೆ ಬರುತ್ತದೆ. ಮೇಕಪ್ ಬೇಡ, ವಿಗ್ ಬೇಡ. ಮುಪ್ಪು ಜೇಬಿನಲ್ಲೇ ಇತ್ತು.

ನಿರ್ದೇಶಕ ಹೊವಾರ್ಡ್ ಹಾಕ್ಸ್ ಈ ಬಗ್ಗೆ ಒಂದು ಕಥೆ ಹೇಳುತ್ತಿದ್ದ. 1935ರಲ್ಲಿ ‘ಬಾರ್ಬರಿ ಕೋಸ್ಟ್’ ಚಿತ್ರಕ್ಕೆ ಒಬ್ಬ ವಿಚಿತ್ರ ಮುದುಕ ಬೇಕಾಗಿತ್ತು. ಯಾರೋ ಬ್ರೆನನ್‌ನನ್ನು ವೇಷ ಹಾಕಿಸಿ ಕರೆತಂದರು. ನೋಡಿದೊಡನೆ ಹಾಕ್ಸ್‌ಗೆ ನಗು ಬಂತು. ಡೈಲಾಗ್ ಕೈಗೆ ಕೊಟ್ಟು ಓದು ಅಂದ. ಇವನು ತಿರುಗಿ ಕೇಳಿದ, ಇಟ್ಟುಕೊಂಡು ಓದಲೋ, ಇಲ್ಲದೆ ಓದಲೋ? ಏನನ್ನು ಇಟ್ಟುಕೊಂಡು ಅಂದ ಹಾಕ್ಸ್. ಹಲ್ಲು ಅಂದ ಬ್ರೆನನ್. ಕೆಲಸ ಸಿಕ್ಕಿತು. ಮೂರು ದಿನಕ್ಕೆಂದು ಬಂದವನನ್ನು ಆರು ವಾರ ಇಟ್ಟುಕೊಂಡೆ ಅಂತ ಹಾಕ್ಸ್ ಹೇಳುತ್ತಿದ್ದ. ಹಾಕ್ಸ್ ಕಥೆಗಳಿಗೆ ಸ್ವಲ್ಪ ಉಪ್ಪುಖಾರ ಜಾಸ್ತಿ ಅನ್ನುವವರಿದ್ದಾರೆ. ಇರಲಿ. ಇಬ್ಬರೂ ಒಟ್ಟಿಗೆ ಆರು ಚಿತ್ರ ಮಾಡಿದ್ದು ಮಾತ್ರ ನಿಜ.

ಸಂಬಳ ಒಬ್ಬರದು, ಕೆಲಸ ಇನ್ನೊಬ್ಬರಲ್ಲಿ

ಇಲ್ಲಿ ಸ್ಟುಡಿಯೊ ಪದ್ಧತಿ ಬಗ್ಗೆ ಎರಡು ಮಾತು ಹೇಳಲೇಬೇಕು. ಇಲ್ಲದಿದ್ದರೆ ಇಂಥ ನಟರು ಆಗ ಯಾಕೆ ಅಷ್ಟು ಮಂದಿ ಇದ್ದರು, ಈಗ ಯಾಕೆ ಕಡಿಮೆ ಅನ್ನುವುದು ತಿಳಿಯುವುದಿಲ್ಲ.

1930ರ, 40ರ ದಶಕದ ಹಾಲಿವುಡ್ ಒಂದು ಫ್ಯಾಕ್ಟರಿ. ವರ್ಷಕ್ಕೆ ನೂರಾರು ಚಿತ್ರಗಳು. ನಟ, ನಿರ್ದೇಶಕ, ಬಡಗಿ, ದರ್ಜಿ ಎಲ್ಲರೂ ಸ್ಟುಡಿಯೊದ ಸಂಬಳದವರು, ವರ್ಷಗಟ್ಟಲೆ ಕಾಂಟ್ರಾಕ್ಟ್. ಒಂದೂವರೆ ಗಂಟೆಯಲ್ಲಿ ಕಥೆ ಮುಗಿಯಬೇಕು, ಪ್ರತಿ ಪಾತ್ರವನ್ನೂ ಕೂರಿಸಿಕೊಂಡು ಪರಿಚಯ ಮಾಡಿಕೊಡಲು ಪುರುಸೊತ್ತಿಲ್ಲ. ಹಾಗಾಗಿ ನೋಡಿದೊಡನೆ ಗೊತ್ತಾಗುವ ಮುಖಗಳು ಬೇಕು. ಹೀರೊ ವರ್ಷಕ್ಕೆ ಎರಡು ಮೂರು ಚಿತ್ರ ಮಾಡಿದರೆ ಈ ಮುಖಗಳು ಇನ್ನೂ ಜಾಸ್ತಿ ಮಾಡುತ್ತಿದ್ದವು.

ಬ್ರೆನನ್‌ನನ್ನು ಕಾಂಟ್ರಾಕ್ಟ್‌ಗೆ ತೆಗೆದುಕೊಂಡವನು ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್. ಗೋಲ್ಡ್‌ವಿನ್ ಮಾಡುತ್ತಿದ್ದ ಚಿತ್ರಗಳೇ ಕಡಿಮೆ. ಹಾಗಂತ ನಟನನ್ನು ಸುಮ್ಮನೆ ಕೂರಿಸಿ ಸಂಬಳ ಕೊಡೋಕಾಗುತ್ತಾ? ಬೇರೆ ಸ್ಟುಡಿಯೊಗಳಿಗೆ ಎರವಲು ಕೊಡುವುದು. ನಮ್ಮ ಸರ್ಕಾರಿ ಭಾಷೆಯಲ್ಲಿ ಡೆಪ್ಯುಟೇಶನ್ ಅನ್ನಿ. ಒಂದೇ ವ್ಯತ್ಯಾಸ, ಎರವಲು ಪಡೆದವರು ಸಂಬಳಕ್ಕಿಂತ ಜಾಸ್ತಿ ಕೊಟ್ಟರೆ ಆ ಮೇಲಿನ ದುಡ್ಡು ಸಾಮಾನ್ಯವಾಗಿ ಮೂಲ ಯಜಮಾನನ ಜೇಬಿಗೆ ಹೋಗುತ್ತಿತ್ತು, ನಟನಿಗಲ್ಲ. ಬ್ರೆನನ್ ಗೆದ್ದ ಮೂರು ಆಸ್ಕರ್‌ಗಳಲ್ಲಿ ಎರಡು ಗೋಲ್ಡ್‌ವಿನ್ ಚಿತ್ರಕ್ಕೆ, ಒಂದು ಹೀಗೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ಗೆ ಹೋಗಿ ಮಾಡಿದ್ದಕ್ಕೆ.

ಆಸ್ಕರ್‌ನಲ್ಲಿ ಈ ವಿಭಾಗ ಯಾಕೆ ಹುಟ್ಟಿತು?

ಆಸ್ಕರ್‌ನ ಮೊದಲ ಎಂಟು ಸಮಾರಂಭಗಳಲ್ಲಿ ಪೋಷಕ ನಟರಿಗೆ ಜಾಗವೇ ಇರಲಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. 1935ರ ‘ಮ್ಯೂಟಿನಿ ಆನ್ ದ ಬೌಂಟಿ’ ಚಿತ್ರದಿಂದ ಮೂವರು, ಕ್ಲಾರ್ಕ್ ಗೇಬಲ್, ಚಾರ್ಲ್ಸ್ ಲಾಟನ್, ಫ್ರಾಂಚೊ ಟೋನ್, ಅತ್ಯುತ್ತಮ ನಟ ವಿಭಾಗದಲ್ಲೇ ನಾಮನಿರ್ದೇಶನ ಪಡೆದರು. ಒಂದೇ ಚಿತ್ರದ ಮೂವರು ಪರಸ್ಪರ ಎದುರಾಳಿಗಳು. ಗೆದ್ದದ್ದು ಬೇರೆ ಚಿತ್ರದ ವಿಕ್ಟರ್ ಮೆಕ್‌ಲಾಗ್ಲೆನ್. ಈ ಗೊಂದಲ ಆದ ಮುಂದಿನ ವರ್ಷವೇ ಪೋಷಕ ನಟ, ಪೋಷಕ ನಟಿ ಅಂತ ಎರಡು ಹೊಸ ವಿಭಾಗ ಬಂದವು.

1937ರ ಮಾರ್ಚ್‌ನಲ್ಲಿ ಆ ಹೊಸ ಪ್ರಶಸ್ತಿಯ ಬೋಣಿ ಮಾಡಿದವನು ಬ್ರೆನನ್. ಚಿತ್ರ ‘ಕಮ್ ಆ್ಯಂಡ್ ಗೆಟ್ ಇಟ್’, ಪಾತ್ರ ಸ್ವೀಡನ್ ಮೂಲದ ಒಬ್ಬ ಮರ ಕಡಿಯುವವನದು. ಎರಡನೆಯದು 1938ರ ‘ಕೆಂಟಕಿ’ಗೆ, ಅದರಲ್ಲಿ ಕುದುರೆ ಸಾಕುವ ಮನೆತನದ ಸಿಡುಕು ಅಜ್ಜ. ವಯಸ್ಸು 44, ನೋಡಿದರೆ ಎಪ್ಪತ್ತು ದಾಟಿದವನು. ಮೂರನೆಯದು 1940ರ ‘ದಿ ವೆಸ್ಟರ್ನರ್’ಗೆ. ಐದೇ ವರ್ಷದಲ್ಲಿ ಮೂರು. ಈ ವಿಭಾಗದಲ್ಲಿ ಮೂರು ಸಲ ಗೆದ್ದವರು ಇನ್ನೊಬ್ಬರಿಲ್ಲ, ಗಂಡಸರಲ್ಲೂ ಇಲ್ಲ, ಹೆಂಗಸರಲ್ಲೂ ಇಲ್ಲ. ನಟನೆಯ ಎಲ್ಲ ವಿಭಾಗ ಸೇರಿಸಿ ನೋಡಿದರೂ ಮೂರನೇ ಆಸ್ಕರ್ ಪಡೆದ ಎರಡನೇ ಗಂಡಸು ಜ್ಯಾಕ್ ನಿಕೋಲ್ಸನ್, ಅದು 1998ರಲ್ಲಿ.

ಆದರೆ ಬ್ರೆನನ್ ಕೈಗೆ ಆಗ ಬಂದದ್ದು ನಾವೆಲ್ಲ ನೋಡುವ ಆ ಚಿನ್ನದ ಬೊಂಬೆ ಅಲ್ಲ. ಆ ವರ್ಷಗಳಲ್ಲಿ ಪೋಷಕ ನಟರಿಗೆ ಒಂದು ಫಲಕ ಕೊಡುತ್ತಿದ್ದರು. ಬೊಂಬೆ ಹೀರೊಗಳಿಗೆ. ಪೋಷಕ ನಟರಿಗೂ ಪೂರ್ತಿ ಅಳತೆಯ ಬೊಂಬೆ ಕೊಡಲು ಶುರು ಮಾಡಿದ್ದು 1944ರಲ್ಲಿ. ಮದುವೆ ಮನೆಯ ಚಿಕ್ಕಪ್ಪನಿಗೆ ಕೊನೇ ಪಂಕ್ತಿಯಲ್ಲಿ ಊಟ ಅನ್ನುವಂತೆ.

ಈಗ ವೋಟಿನ ವಿಷಯ. ಆ ವರ್ಷಗಳಲ್ಲಿ ಆಸ್ಕರ್ ಕೊಡುವ ಅಕಾಡೆಮಿ ತನ್ನ ಸದಸ್ಯರಿಗೆ ಮಾತ್ರವಲ್ಲ, ಸಾವಿರಾರು ಎಕ್ಸ್‌ಟ್ರಾಗಳಿಗೂ ಮತ ಹಾಕುವ ಹಕ್ಕು ಕೊಟ್ಟಿತ್ತು. ಇವರ ಜತೆ ಹತ್ತು ವರ್ಷ ಬಿಸಿಲಲ್ಲಿ ನಿಂತು ದಿನಗೂಲಿ ಪಡೆದವನು ಯಾರು? ಬ್ರೆನನ್. ನಮ್ಮವನು ಅಂತ ಎಲ್ಲರೂ ಇವನಿಗೇ ಒತ್ತಿದರು, ಅದರಿಂದಲೇ ಗೆದ್ದ ಅನ್ನುವ ಮಾತು ಹಾಲಿವುಡ್‌ನಲ್ಲಿ ಬಹಳ ಹಳೆಯದು. ಮುಂದೆ ಎಕ್ಸ್‌ಟ್ರಾಗಳ ಮತದ ಹಕ್ಕನ್ನು ತೆಗೆದದ್ದೂ ನಿಜ. ಆದರೆ ಎಲ್ಲ ಸಲವೂ ಈ ವೋಟು ಕೈ ಹಿಡಿಯಲಿಲ್ಲ. 1941ರ ‘ಸಾರ್ಜೆಂಟ್ ಯಾರ್ಕ್’ ಚಿತ್ರದ ಪಾದ್ರಿ ಪಾತ್ರಕ್ಕೆ ನಾಲ್ಕನೇ ಸಲ ನಾಮನಿರ್ದೇಶನ ಬಂತು, ಅದರಲ್ಲಿ ಸೋತ. ನನ್ನನ್ನು ಕೇಳಿದರೆ ಮೊದಲೆರಡಕ್ಕೆ ಗೆಳೆಯರ ವೋಟು ಸಹಾಯ ಮಾಡಿರಬಹುದು. ಮೂರನೆಯದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ.

ಒಂದು ಗುಂಗುರು ಕೂದಲು

‘ದಿ ವೆಸ್ಟರ್ನರ್’ನಲ್ಲಿ ಬ್ರೆನನ್ ಮಾಡಿದ್ದು ಜಡ್ಜ್ ರಾಯ್ ಬೀನ್ ಪಾತ್ರ. ಇವನು ಟೆಕ್ಸಾಸ್‌ನಲ್ಲಿ ನಿಜಕ್ಕೂ ಬದುಕಿದ್ದ ಮನುಷ್ಯ. ಹೆಂಡದಂಗಡಿಯೇ ಕೋರ್ಟು, ಅಂಗಡಿಯ ಯಜಮಾನನೇ ನ್ಯಾಯಾಧೀಶ. ಕುದುರೆ ಕದ್ದ ಆರೋಪದ ಮೇಲೆ ಗ್ಯಾರಿ ಕೂಪರ್‌ನನ್ನು ಹಿಡಿದು ತರುತ್ತಾರೆ. ನೇಣು ಗ್ಯಾರಂಟಿ. ಕೂಪರ್ ಸುತ್ತ ನೋಡುತ್ತಾನೆ, ಗೋಡೆ ತುಂಬ ಇಂಗ್ಲೆಂಡಿನ ನಟಿ ಲಿಲ್ಲಿ ಲ್ಯಾಂಗ್ಟ್ರಿಯ ಚಿತ್ರಗಳು. ಈ ಬೀನ್ ಅವಳ ಭಕ್ತ, ಒಮ್ಮೆಯೂ ಕಣ್ಣಾರೆ ನೋಡದ ಭಕ್ತ. ಕೂಪರ್ ಮೆಲ್ಲಗೆ ಒಂದು ಸುಳ್ಳು ಬಿಡುತ್ತಾನೆ: ನನಗೆ ಆಕೆ ಗೊತ್ತು, ಆಕೆಯ ಒಂದು ಗುಂಗುರು ಕೂದಲೂ ನನ್ನ ಹತ್ತಿರ ಇದೆ, ಆದರೆ ಇಲ್ಲಿ ತಂದಿಲ್ಲ.

ಅಲ್ಲಿ ಬ್ರೆನನ್ ಮುಖ ನೋಡಿ. ಇದುವರೆಗೆ ಮನುಷ್ಯರನ್ನು ನೇಣಿಗೆ ಕಳಿಸುವುದನ್ನು ಉಪ್ಪಿಟ್ಟು ತಿಂದಷ್ಟು ಸಲೀಸಾಗಿ ಮಾಡುತ್ತಿದ್ದ ಮುಖ. ಅದು ನಿಧಾನಕ್ಕೆ ಹದಿನಾರರ ಹುಡುಗನ ಮುಖವಾಗುತ್ತದೆ. ನಂಬಿಕೆ ಇಲ್ಲ, ಆದರೆ ನಂಬದೆ ಇರಲೂ ಆಗುತ್ತಿಲ್ಲ. ನೇಣು ಮುಂದಕ್ಕೆ ಹೋಗುತ್ತದೆ. ಆಮೇಲೆ ಕೂಪರ್ ಬೇರೊಬ್ಬ ಹುಡುಗಿಯ ಕೂದಲು ಕತ್ತರಿಸಿ ತಂದುಕೊಟ್ಟಾಗ ಈ ಕೊಲೆಗಡುಕ ಅದನ್ನು ದೇವರ ಪ್ರಸಾದದಂತೆ ತೆಗೆದುಕೊಳ್ಳುತ್ತಾನೆ.

ಕೊನೆಗೆ ಲ್ಯಾಂಗ್ಟ್ರಿ ನಿಜವಾಗಿಯೂ ಹತ್ತಿರದ ಊರಿಗೆ ಬರುತ್ತಾಳೆ. ಬೀನ್ ಆ ಷೋನ ಎಲ್ಲ ಟಿಕೆಟ್ ಕೊಂಡು, ಹಳೆಯ ಸೇನಾ ಸಮವಸ್ತ್ರ ಹಾಕಿಕೊಂಡು, ಖಾಲಿ ಸಭಾಂಗಣದಲ್ಲಿ ಒಬ್ಬನೇ ಕೂರುತ್ತಾನೆ. ಪರದೆ ಏಳುತ್ತದೆ. ವೇದಿಕೆ ಮೇಲೆ ನಿಂತಿರುವುದು ಲ್ಯಾಂಗ್ಟ್ರಿ ಅಲ್ಲ, ಪಿಸ್ತೂಲು ಕಟ್ಟಿಕೊಂಡ ಕೂಪರ್. ಹೀರೊ ಅವನೇ, ಸರಿ. ಆದರೆ ಚಿತ್ರ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಆ ಖಾಲಿ ಕುರ್ಚಿಗಳ ನಡುವೆ ಕೂತ ಮುದುಕ. ಅವನಿಗಾಗ 46ಕ್ಕೂ ಕಡಿಮೆ.

ಹೀರೊ ಪಕ್ಕದಲ್ಲಿ ಇವನು ಯಾಕೆ ಬೇಕು?

ಜಾನ್ ವೇನ್, ಹಂಫ್ರಿ ಬೋಗಾರ್ಟ್ ಥರದ ಹೀರೊಗಳು ಜಾಸ್ತಿ ಮಾತಾಡುವುದಿಲ್ಲ. ಮನಸ್ಸಿನಲ್ಲಿ ಏನಿದೆ ಅಂತ ಬಾಯಿ ಬಿಟ್ಟು ಹೇಳಿದರೆ ಅವರ ಗತ್ತು ಹೋಯಿತು. ಹಾಗಾದರೆ ಈ ಕಲ್ಲಿನಂಥ ಮನುಷ್ಯನೊಳಗೂ ಒಂದು ಹೃದಯ ಇದೆ ಅಂತ ನಮಗೆ ತಿಳಿಯುವುದು ಹೇಗೆ? ಪಕ್ಕದಲ್ಲಿ ಒಬ್ಬ ಕುಂಟನನ್ನೋ ಕುಡುಕನನ್ನೋ ಇಡಿ. ಹೀರೊ ಅವನನ್ನು ಬೈಯುತ್ತಾನೆ, ಆದರೆ ಬಿಟ್ಟುಕೊಡುವುದಿಲ್ಲ. ಅಷ್ಟು ಸಾಕು.

1944ರ ‘ಟು ಹ್ಯಾವ್ ಆ್ಯಂಡ್ ಹ್ಯಾವ್ ನಾಟ್’ನಲ್ಲಿ ಬೋಗಾರ್ಟ್‌ನ ಕುಡುಕ ಗೆಳೆಯ ಎಡ್ಡಿಯಾಗಿ ಬ್ರೆನನ್ ಸಿಕ್ಕಸಿಕ್ಕವರಿಗೆ ಒಂದೇ ಪ್ರಶ್ನೆ ಹಾಕುತ್ತಾನೆ: ಸತ್ತ ಜೇನುನೊಣ ನಿಮ್ಮನ್ನು ಯಾವತ್ತಾದರೂ ಕಚ್ಚಿದೆಯಾ? ತಲೆಹರಟೆ ಅನ್ನಿಸುತ್ತದೆ. ಅಸಲಿಗೆ ಅದು ಅವನ ಪರೀಕ್ಷೆ. ಮುಖ ಸಿಂಡರಿಸಿದವರು ಫೇಲು. ಮೊದಲ ಚಿತ್ರ ಮಾಡುತ್ತಿದ್ದ ಲಾರೆನ್ ಬಕಾಲ್ ಪಾತ್ರ ಮಾತ್ರ ಹುಬ್ಬು ಕೂಡ ಅಲುಗಿಸದೆ, ನಿಮಗೆ ಕಚ್ಚಿತ್ತಾ ಅಂತ ತಿರುಗಿ ಕೇಳಿ ಪಾಸಾಗುತ್ತಾಳೆ.

1948ರ ‘ರೆಡ್ ರಿವರ್’ನಲ್ಲಿ ಹಲ್ಲಿನ ವಿಷಯ ಕಥೆಯೊಳಗೇ ಬಂದುಬಿಟ್ಟಿತು. ಅಲ್ಲಿ ಇವನು ಅಡುಗೆ ಬಂಡಿಯ ಗ್ರೂಟ್. ಇಸ್ಪೀಟಾಟದಲ್ಲಿ ತನ್ನ ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ಸೋಲುತ್ತಾನೆ, ಗೆದ್ದವನಿಂದ ಊಟದ ಹೊತ್ತಿಗೆ ಮಾತ್ರ ಅದನ್ನು ಕೇಳಿ ಪಡೆಯಬೇಕು. 1959ರ ‘ರಿಯೊ ಬ್ರಾವೊ’ದಲ್ಲಿ ಜೈಲು ಕಾಯುವ ಸ್ಟಂಪಿ. ನಾನು ಬ್ರೆನನ್‌ನನ್ನು ಮೊದಲು ನೋಡಿದ್ದು ಇದರಲ್ಲೇ. ನನಗೆ ಯಾರೂ ಒಂದು ಒಳ್ಳೆ ಮಾತು ಹೇಳಲ್ಲ ಅಂತ ಸ್ಟಂಪಿ ಗೊಣಗುತ್ತಿರುತ್ತಾನೆ, ಕೊನೆಗೆ ಜಾನ್ ವೇನ್ ಬಗ್ಗಿ ಅವನ ಬೋಳು ತಲೆಗೆ ಒಂದು ಮುತ್ತು ಕೊಡುತ್ತಾನೆ. ಸ್ಟಂಪಿ ಪೊರಕೆ ಎತ್ತಿ ಬಾರಿಸುತ್ತಾನೆ.

ಎಲ್ಲ ಕಡೆ ಮುದ್ದಿನ ಮುದುಕನೇ ಅಂದುಕೊಳ್ಳಬೇಡಿ. 1946ರಲ್ಲಿ ಜಾನ್ ಫೋರ್ಡ್‌ನ ‘ಮೈ ಡಾರ್ಲಿಂಗ್ ಕ್ಲೆಮಂಟೈನ್’ನಲ್ಲಿ ಕ್ಲಾಂಟನ್ ಆಗಿ ತನ್ನ ಬೆಳೆದ ಗಂಡುಮಕ್ಕಳನ್ನೇ ಚಾಟಿಯಿಂದ ಹೊಡೆಯುತ್ತಾನೆ. ಅದೇ ಮುಖ, ಅದೇ ಸುಕ್ಕು. ನಗು ತೆಗೆದುಬಿಟ್ಟರೆ ಮೈ ಜುಮ್ಮೆನ್ನುತ್ತದೆ.

ಟಿವಿ ಬಂದಾಗ

1950ರ ದಶಕದಲ್ಲಿ ಟಿವಿ ಮನೆಮನೆಗೆ ಬಂತು, ಸ್ಟುಡಿಯೊ ಫ್ಯಾಕ್ಟರಿಗಳು ಮಂಕಾದವು. ಕಾಂಟ್ರಾಕ್ಟ್ ಸಂಬಳ ನಿಂತಿತು. ಕ್ಯಾರೆಕ್ಟರ್ ನಟರು ಟಿವಿಗೆ ಹೋದರು, ಹೋದವರಿಗೆ ವಿಚಿತ್ರ ಲಾಭವಾಯಿತು. ವಾರವಾರ ಮನೆಗೆ ಬರುವ ಮುಖ ಹೀರೊ ಮುಖವೇ ಆಗಬೇಕಿಲ್ಲ, ಒಗ್ಗಿದ ಮುಖವಾದರೆ ಸಾಕು. 1957ರಲ್ಲಿ, 63ನೇ ವಯಸ್ಸಿನಲ್ಲಿ, ಬ್ರೆನನ್ ‘ದಿ ರಿಯಲ್ ಮೆಕಾಯ್ಸ್’ ಧಾರಾವಾಹಿಯ ತಾತ ಏಮಸ್ ಆದ. ಹಳ್ಳಿಗಾಡಿನ ವೆಸ್ಟ್ ವರ್ಜೀನಿಯಾದಿಂದ ಕ್ಯಾಲಿಫೋರ್ನಿಯಾಗೆ ಬಂದ ರೈತ ಕುಟುಂಬದ ಕಥೆ ಅದು. ಆರು ಸೀಸನ್ ಓಡಿತು. ಅಂತೂ ಪೋಸ್ಟರ್ ಮೇಲೆ ಮೊದಲ ಹೆಸರು ಇವನದಾಯಿತು.

1962ರಲ್ಲಿ ಇನ್ನೊಂದು ತಮಾಷೆ. ‘ಓಲ್ಡ್ ರಿವರ್ಸ್’ ಅಂತ ಒಂದು ಹಾಡು, ಹಾಡು ಅನ್ನುವುದಕ್ಕಿಂತ ಸಂಗೀತದ ಮೇಲೆ ಮಾತು, ಹೇಸರಗತ್ತೆ ಕಟ್ಟಿ ಹೊಲ ಉಳುವ ಒಬ್ಬ ಮುದುಕನ ನೆನಪು. ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಐದನೇ ಜಾಗಕ್ಕೆ ಏರಿತು. ಗಾಯಕನಿಗೆ 67.

ನಿಜ ಜೀವನದಲ್ಲೂ ಆತ ಹೊಲ, ದನ ಇಷ್ಟಪಡುತ್ತಿದ್ದವನೇ. ಒರೆಗನ್ ರಾಜ್ಯದ ಜೋಸೆಫ್ ಅನ್ನುವ ಪುಟ್ಟ ಊರಿನ ಹತ್ತಿರ ದೊಡ್ಡ ರ‍್ಯಾಂಚ್ ಇತ್ತು, ಆ ಊರಿನಲ್ಲಿ ಒಂದು ಸಿನಿಮಾ ಮಂದಿರ, ಒಂದು ಮೋಟೆಲ್ ಕೂಡ ಕಟ್ಟಿಸಿದ. ತೆರೆಯ ಮೇಲಿನ ತಾತನನ್ನು ಇಷ್ಟಪಟ್ಟವರಿಗೆ ಇರುಸುಮುರುಸಾಗುವ ಸಂಗತಿಯೂ ಇದೆ. ರಾಜಕೀಯದಲ್ಲಿ ಆತ ಕಟ್ಟಾ ಬಲಪಂಥೀಯ. 1968ರ ಅಧ್ಯಕ್ಷೀಯ ಚುನಾವಣೆಯಲ್ಲಿ ಕರಿಯ ಬಿಳಿಯರನ್ನು ಬೇರೆ ಇಡಬೇಕು ಅಂತ ಹೆಸರು ಮಾಡಿದ್ದ ಜಾರ್ಜ್ ವಾಲೇಸ್ ಪರ ನಿಂತ. ಅದನ್ನು ಮುಚ್ಚಿಟ್ಟು ಈ ಬದುಕಿನ ಕಥೆ ಹೇಳಲಾಗದು.

1974ರ ಸೆಪ್ಟೆಂಬರ್ 21ರಂದು ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನಲ್ಲಿ, ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ. ವಯಸ್ಸು 80. ತೆರೆಯ ಮೇಲಿನ ವಯಸ್ಸಿಗೆ ನಿಜವಾದ ವಯಸ್ಸು ಕೊನೆಗೂ ಬಂದು ಸೇರಿತ್ತು.

ಯಾವುದರಿಂದ ಶುರು ಮಾಡಲಿ?

‘ರಿಯೊ ಬ್ರಾವೊ’ ಮೊದಲು ನೋಡಿ, ಆಮೇಲೆ ‘ದಿ ವೆಸ್ಟರ್ನರ್’. ಕಪ್ಪುಬಿಳುಪು ಬೇಜಾರು ಅನ್ನುವವರನ್ನು ಮೊದಲಿನದಕ್ಕೆ ಎಳೆದು ಕೂರಿಸುವುದು ಸುಲಭ, ಅದು ಕಲರ್. ನೋಡುವಾಗ ಬ್ರೆನನ್ ಬಂದೊಡನೆ ಬಾಯಿ ಕಡೆ ಕಣ್ಣಿಡಿ, ಈ ಚಿತ್ರದಲ್ಲಿ ಹಲ್ಲು ಹಾಕಿದ್ದಾನೋ ತೆಗೆದಿದ್ದಾನೋ ಅಂತ. ನಮ್ಮ ಮನೆಯಲ್ಲಿ ಈಗ ಅದೇ ಪಂದ್ಯ. ಮಗಳು ಮುಖ ಕಾಣುವ ಮೊದಲೇ ದನಿ ಕೇಳಿ ಹೇಳಿಬಿಡುತ್ತಾಳೆ.